ಪಾಲ್ಮಿಟೇಟ್ ಎಂಬ ಕೊಬ್ಬಿನಾಮ್ಲ ಕೋಶದೊಳಗೆ ಹೋಗೋದು ತಾನಾಗಿಯೋ, ಪೊರೆಯ ಪ್ರೋಟೀನ್ ಸಿಡಿ36 ಮೂಲಕವೋ?

ಪ್ರಶ್ನೆ:
3ಟಿ3-ಎಲ್1 ಅಡಿಪೋಸೈಟ್‌ಗಳಲ್ಲಿ (ಇಲಿಯ ಕೊಬ್ಬುಕೋಶಗಳು) ಬೋಡಿಪಿ-ಸಿ12 (ಹೊಳೆಯುವ ಬಣ್ಣ ಅಂಟಿಸಿದ ಕೊಬ್ಬಿನಾಮ್ಲ) ಹೀರಿಕೆಯನ್ನು 30 ನಿಮಿಷಕ್ಕೆ ಅಳೆಯುತ್ತಿದ್ದೇನೆ. ಸಿಡಿ36 ತಡೆಯುವ ಎಸ್‌ಎಸ್‌ಒ ಹಾಕಿದರೆ ವ್ಯತ್ಯಾಸವೇ ಇಲ್ಲ, ಟ್ರಯಾಕ್ಸಿನ್ ಸಿ ಹಾಕಿದರೆ ಸಿಗ್ನಲ್ ಬೀಳುತ್ತದೆ. ಟ್ರಯಾಕ್ಸಿನ್ ಪೊರೆಯ ಸಾಗಣೆಯನ್ನು ತಡೆಯುವ ಔಷಧವಲ್ಲವಲ್ಲ? ಇನ್ನೊಂದು, ಪಾಲ್ಮಿಟೇಟ್-ಬಿಎಸ್‌ಎ (ಕೊಬ್ಬಿನಾಮ್ಲ ಹೊರುವ, ಹಸುವಿನ ರಕ್ತದ ಪ್ರೋಟೀನ್) ದ್ರಾವಣ ಪ್ರತಿಸಲವೂ ಮಬ್ಬಾಗುತ್ತಿದೆ.

ಉತ್ತರ 1:
30 ನಿಮಿಷಕ್ಕೆ ನೀವು ಅಳೆಯುತ್ತಿರುವುದು ಸಾಗಣೆಯನ್ನಲ್ಲ, ಶೇಖರಣೆಯನ್ನು. ನೀರಿನಲ್ಲಿ ಕೊಬ್ಬಿನಾಮ್ಲದ ಪಿಕೆಎ (ಅರ್ಧದಷ್ಟು ಅಣುಗಳು ವಿದ್ಯುದಂಶ ಪಡೆಯುವ ಪಿಎಚ್) 4.8ರ ಆಸುಪಾಸು, ಪೊರೆಯ ಅಂಚಿನಲ್ಲಿ ಅದೇ ಸುಮಾರು 7.5. ಅಂದರೆ ಪಿಎಚ್ 7.4ರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಣುಗಳಿಗೆ ವಿದ್ಯುದಂಶವಿಲ್ಲ. ಅವು ಪೊರೆಯ ಆ ಪದರದಿಂದ ಈ ಪದರಕ್ಕೆ ಬೇಗ ಮಗುಚುತ್ತವೆ, ಅಷ್ಟೇ ಸಲೀಸಾಗಿ ವಾಪಸ್ಸೂ ಬರುತ್ತವೆ. ಒಳಗೆ ಕೋಎ (ಕೋಎನ್ಜೈಮ್ ಎ) ತಗುಲಿದ ಮೇಲೆ ಮಾತ್ರ ಹೊರಬರಲಾಗದು. ಟ್ರಯಾಕ್ಸಿನ್ ಕಟ್ಟಿಹಾಕುವುದು ಆ ಕೋಎ ಜೋಡಿಸುವ ಎಸಿಎಸ್‌ಎಲ್ ಕಿಣ್ವಗಳನ್ನೇ.

15, 30, 60 ಸೆಕೆಂಡಿಗೆ ಅಳೆಯಿರಿ. ನಿಲ್ಲಿಸಲು ಮಂಜುಗಡ್ಡೆಯಷ್ಟು ತಣ್ಣಗಿನ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆಸಿದ ಉಪ್ಪುನೀರು) 0.2% ಬಿಎಸ್‌ಎ (ಕೊಬ್ಬಿನಾಮ್ಲ ತೆಗೆದದ್ದು) ಬೆರೆಸಿ ಎರಡು ಸಲ ತೊಳೆಯಿರಿ. ಬರೀ ಪಿಬಿಎಸ್‌ನಲ್ಲಿ ತೊಳೆದರೆ ಹೊರಪದರಕ್ಕೆ ಅಂಟಿದ್ದು ಹಾಗೇ ಉಳಿದು, ಒಳಗೆ ಹೋದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಉತ್ತರ 2:
ಮಬ್ಬಿಗೆ ಕಾರಣ ಎರಡು: ತಣ್ಣಗಾದದ್ದು, ಇಲ್ಲವೇ ಕ್ಯಾಲ್ಸಿಯಂ. ಸೋಡಿಯಂ ಪಾಲ್ಮಿಟೇಟ್ ಅಂದರೆ ಸೋಪೇ ತಾನೇ. ಬೋರ್‌ವೆಲ್ ನೀರಿನಲ್ಲಿ ಸೋಪು ಗಷ್ಟು ಕಟ್ಟುವ ಹಾಗೆ ಮೀಡಿಯಂನಲ್ಲೂ ಕಟ್ಟುತ್ತದೆ. ಪಾಲ್ಮಿಟಿಕ್ ಆಮ್ಲವನ್ನು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 70 ಡಿಗ್ರಿಗೆ ಕರಗಿಸಿ 100 ಮಿಲಿಮೋಲಾರ್ ಮಾಡಿ. ಬಿಎಸ್‌ಎಯನ್ನು ಮಿಲಿಗೆ 66 ಮಿಗ್ರಾಂನಂತೆ 150 ಮಿಲಿಮೋಲಾರ್ ಉಪ್ಪುನೀರಿನಲ್ಲಿ ಕರಗಿಸಿ 37 ಡಿಗ್ರಿಯಲ್ಲಿಡಿ (70ಕ್ಕೆ ಒಯ್ದರೆ ಪ್ರೋಟೀನ್ ಕೆಡುತ್ತದೆ). ಅದರ 1 ಮಿಲಿಗೆ ಬಿಸಿ ಸ್ಟಾಕ್ 30 ಮೈಕ್ರೋಲೀಟರ್, ಹನಿಹನಿಯಾಗಿ, ಕಲಕುತ್ತಲೇ. ಪಾಲ್ಮಿಟೇಟ್-ಬಿಎಸ್‌ಎ ಅಣುಗಳ ಅನುಪಾತ 3:1 ಬರುತ್ತದೆ. ಕಂಟ್ರೋಲ್‌ಗೂ ಅಷ್ಟೇ ಬಿಎಸ್‌ಎ, ಅಷ್ಟೇ ಹೈಡ್ರಾಕ್ಸೈಡ್ ಇರಲಿ.

ಉತ್ತರ 3:
ಮೊದಲ ಉತ್ತರ ಒಪ್ಪುತ್ತೇನೆ, ಆದರೆ ಸಿಡಿ36ನ್ನು ಅಷ್ಟಕ್ಕೇ ಬಿಡಬೇಡಿ. ಆ ಜೀನ್ ಇಲ್ಲದ ಇಲಿಗಳ ಹೃದಯ, ಸ್ನಾಯುಗಳಲ್ಲಿ ಹೀರಿಕೆ ಗಣನೀಯವಾಗಿ ತಗ್ಗುತ್ತದೆ. ಎಸ್‌ಎಸ್‌ಒ ಅಂಟುವುದು ಸಿಡಿ36ರ 164ನೇ ಅಮೈನೋ ಆಮ್ಲವಾದ ಲೈಸಿನ್‌ಗೆ, ಆದರೆ ಅದು ಅಮೈನ್ ಕಂಡಲ್ಲೆಲ್ಲ ಅಂಟುವ ವಸ್ತು. ಬಫರ್‌ನಲ್ಲಿ ಅಮೈನ್ ಇರುವ ಟ್ರಿಸ್, ಬಿಎಸ್‌ಎ ಅಥವಾ ಸೀರಂ ಇದ್ದರೆ ಕೋಶ ಮುಟ್ಟುವ ಮೊದಲೇ ಖರ್ಚಾಗುತ್ತದೆ. ಇವ್ಯಾವೂ ಇಲ್ಲದ ಬಫರ್‌ನಲ್ಲಿ 20-30 ನಿಮಿಷ ಇಟ್ಟು, ತೊಳೆದು, ಆಮೇಲೆ ಬೋಡಿಪಿ ಹಾಕಿ. ಜೊತೆಗೊಂದು ಸಿಡಿ36 ನಾಕ್‌ಡೌನ್ (ಆ ಜೀನ್‌ನ ಕೆಲಸ ತಗ್ಗಿಸಿದ ಕೋಶಗಳು) ಬೇಕೇಬೇಕು. ಬೋಡಿಪಿಯ ಬಾಲಕ್ಕೆ ದಪ್ಪ ಬಣ್ಣದ ಗುಂಪು ಅಂಟಿರುವುದರಿಂದ ಕೊನೆಯ ಮಾತು ವಿಕಿರಣಶೀಲ ಕಾರ್ಬನ್-14 ಇರುವ ಪಾಲ್ಮಿಟೇಟ್‌ದೇ ಆಗಿರಲಿ.