ಸಹಾಯ ಬೇಕು: ಸಿಪಾಯಿಗಳ ಪತ್ರಗಳನ್ನು ಮಕ್ಕಳಿಗೆ ಹೇಗೆ ಓದಿಸಲಿ?

ಎಲ್ಲರಿಗೂ ನಮಸ್ಕಾರ. 9ನೇ ತರಗತಿಗೆ ಇತಿಹಾಸ ಪಾಠ ಮಾಡುತ್ತೇನೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳು ಮನೆಗೆ ಬರೆದ ಪತ್ರಗಳನ್ನು ಓದಿಸುತ್ತಿದ್ದೇನೆ. ಒಂದು ಕಡೆ ದಾರಿ ಕಾಣುತ್ತಿಲ್ಲ.

ಆ ಪತ್ರಗಳನ್ನು ಸೆನ್ಸಾರ್‌ನವರು ಓದುತ್ತಿದ್ದರು. ಅದಕ್ಕೇ ಕೆಲವರು 1915ರಲ್ಲಿ 'ಕರಿ ಮೆಣಸು', 'ಕೆಂಪು ಮೆಣಸು' ಅಂತ ಗುಟ್ಟಾಗಿ ಬರೆದರು. ಕರಿ ಅಂದರೆ ಭಾರತೀಯರು, ಕೆಂಪು ಅಂದರೆ ಬ್ರಿಟಿಷರು. ಇದನ್ನು ಹೇಳಿದಾಗ ಇಡೀ ಕ್ಲಾಸ್ ಸುಮ್ಮನಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು, "ಮನೆಯವರಿಗೆ ಇದು ಅರ್ಥವಾಗಿತ್ತಾ ಮಿಸ್?"

ಅಲ್ಲೇ ನಿಂತುಬಿಟ್ಟೆ. ಓದುಬರಹ ಬಾರದ ಎಷ್ಟೋ ಸಿಪಾಯಿಗಳು ಬೇರೆಯವರ ಕೈಲಿ ಬರೆಸಿದ್ದಾರೆ. ಈಗ ನಮಗೆ ಸಿಗುವುದು ಜಾಸ್ತಿ ಸೆನ್ಸಾರ್ ಕಚೇರಿ ಇಂಗ್ಲಿಷಿಗೆ ಅನುವಾದಿಸಿಟ್ಟ ತುಣುಕುಗಳೇ. ಹಾಗಾದರೆ ಮಾತು ಯಾರದು ಅಂತ ಮಕ್ಕಳು ಕೇಳೋದು ಸರಿಯೇ ಅಲ್ವಾ?

ತಾಯಿಯಾಗಿ ಉತ್ತರ ಬರೆಯಿರಿ ಅಂದೆ. ಮನಸ್ಸಿಟ್ಟು ಬರೆದರು, ಆದರೆ ಬರೀ ಕಣ್ಣೀರು, ದೇಶಭಕ್ತಿ. ಪತ್ರದಲ್ಲಿದ್ದ ಚಳಿ, ಭಯ, ಮನೆಯ ಚಿಂತೆ ಯಾವುದಕ್ಕೂ ಉತ್ತರವಿಲ್ಲ. ಗಟ್ಟಿಯಾಗಿ ಓದಿಸಿಯೂ ನೋಡಿದೆ.

ಸಿಪಾಯಿ, ಬರೆದುಕೊಟ್ಟವನು, ಅನುವಾದಕ, ಈ ಮೂವರನ್ನೂ ಒಂದೇ ಪತ್ರದಲ್ಲಿ ಮಕ್ಕಳೇ ಗುರುತಿಸುವಂಥ, ಒಂದು ಪೀರಿಯಡ್‌ನಲ್ಲಿ ಮುಗಿಯುವ ಚಟುವಟಿಕೆ ಯಾರಾದರೂ ಮಾಡಿಸಿದ್ದೀರಾ? ಹೇಗೆ ಶುರು ಮಾಡಿದಿರಿ?