ಮುಖದ ತುಂಬ ಎಣ್ಣೆ, ಕೂದಲು ಮಾತ್ರ ಒಣಕಲು: ಬೋರ್ ನೀರಿನ ಊರಿನೋರು ಏನ್ ಮಾಡ್ತೀರ?

ಚಿಂತಾಮಣಿ_ಹುಡುಗಿ
ಎಲ್ರಿಗೂ ನಮಸ್ಕಾರ. ವಯಸ್ಸು 23, ಚಿಂತಾಮಣಿ ಹತ್ರ ಹಳ್ಳಿ, ಕೆಲಸ ಚಿಕ್ಕಬಳ್ಳಾಪುರದಲ್ಲಿ, ದಿನಾ ಬಸ್ಸು. ಬೆಳಿಗ್ಗೆ ಮುಖ ತೊಳ್ಕೊಂಡು ಹೊರಟ್ರೆ ಹನ್ನೊಂದು ಗಂಟೆಗೆಲ್ಲ ಮತ್ತೆ ಎಣ್ಣೆ ಜಿನುಗುತ್ತೆ, ಹಣೆ ತುಂಬ ಸಣ್ಣ ಸಣ್ಣ ಗುಳ್ಳೆ, ಗಲ್ಲದ ಹತ್ರ ದಪ್ಪ ಮೊಡವೆ. ಕೂದಲು ಅದಕ್ಕೆ ಉಲ್ಟಾ, ಒಣಗಿ ಕೆದರ್ಕೊಂಡು ನಿಲ್ಲುತ್ತೆ, ಬಾಚಿದಷ್ಟೂ ಉಬ್ಬುತ್ತೆ. ಅಮ್ಮ ರಾತ್ರಿ ತಲೆಗೆ ಎಣ್ಣೆ ಹಚ್ಚು ಅಂತಾರೆ, ಹಚ್ಚಿದ್ರೆ ಕೂದ್ಲು ಕೂರುತ್ತೆ ಆದ್ರೆ ಮುಖ ಹಾಳು, ಬಿಟ್ರೆ ಮುಖ ಪರವಾಗಿಲ್ಲ ಕೂದ್ಲು ಹಾಳು. ಮನೇಲಿ ಬೋರ್ ನೀರು. ಮುಖಕ್ಕೆ ಮೆಡಿಕಲ್ ಸ್ಟೋರಲ್ಲಿ ಕೊಟ್ಟ ಯಾವುದೋ ಕ್ರೀಮ್ ಹಚ್ತಿದೀನಿ. ಪಾರ್ಲರಲ್ಲಿ ಕೂದ್ಲು ನೇರ ಮಾಡೋ ಕೆರಾಟಿನ್ ಮಾಡಿಸ್ಕೊ ಅಂದ್ರು. ಜಾಸ್ತಿ ಖರ್ಚಿಲ್ದೆ ಏನ್ ಮಾಡಬಹುದು, ಅನುಭವ ಇರೋರು ಹೇಳಿ ಪ್ಲೀಸ್.

ಬಂಗಾರಪೇಟೆ_ಲೋಕಲ್
ಸಿಸ್ ಮೊದ್ಲು ನೀರಿನ ವಿಷಯ ನೋಡ್ಕೊಳ್ಳಿ. ನಮ್ಮ ಕಡೆ ಸಾವಿರ ಅಡಿಯಿಂದ ಎತ್ತೋ ನೀರಲ್ಲಿ ಕ್ಯಾಲ್ಸಿಯಂ ಮೆಗ್ನೀಷಿಯಂ ಜಾಸ್ತಿ, ಬಕೆಟ್ ಒಳಗೆ ಬಿಳಿ ಪರೆ ಕಟ್ಟುತ್ತಲ್ಲ, ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತಲ್ಲ, ಅದೇ ಕೂದಲ ಮೇಲೂ ಕೂರೋದು. ಕೈಯಾಡಿಸಿದ್ರೆ ಒರಟು ಒರಟು ಅನ್ಸೋದು ಅದಕ್ಕೇ. ಸೋಪು ಈ ನೀರಿಗೆ ನೊರೆ ಬರೋ ಬದ್ಲು ಅಂಟು ಅಂಟಾಗಿ ಕೂದಲಿಗೇ ಮೆತ್ಕೊಳುತ್ತೆ, ತಲೆಗೆ ಸೋಪು ಹಾಕೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಶಾಂಪೂ ವಾಸಿ. (ಫ್ಲೋರೈಡಿಂದ ಕೂದ್ಲು ಹೀಗಾಗುತ್ತೆ ಅಂತ ಯಾರಾದ್ರೂ ಬಂದು ಹೇಳ್ತಾರೆ ನೋಡ್ತಿರಿ. ಫ್ಲೋರೈಡ್ ಕಾಟ ಹಲ್ಲಿಗೆ ಮೂಳೆಗೆ, ಅದು ಕುಡಿಯೋ ನೀರಿನ ಕತೆ, ಈ ಕೂದಲಿನ ಪಂಚಾಯ್ತಿಗೆ ಅದನ್ನ ಎಳೀಬೇಡಿ.)

ನಾನು ಪೂರ್ತಿ ಸ್ನಾನ ಬೋರ್ ನೀರಲ್ಲೇ ಮಾಡಿ ಕೊನೇ ಎರಡು ಮೂರು ಚೊಂಬು ಮಾತ್ರ ಶುದ್ಧ ನೀರಿನ ಘಟಕದ ನೀರು ಹಾಕ್ಕೊಳ್ಳೋದು. ನಮ್ಮೂರಲ್ಲಿ ಐದು ರೂಪಾಯಿ ಕಾಯಿನ್ ಹಾಕಿದ್ರೆ 20 ಲೀಟರ್ ಕ್ಯಾನ್ ತುಂಬುತ್ತೆ, ಕುಡಿಯೋಕೆ ಹೇಗೂ ತರ್ತೀವಿ, ಅದ್ರಲ್ಲೇ ಸ್ವಲ್ಪ. ಮನೇಲಿ ಆರ್‌ಓ ಮಷಿನ್ ಇದ್ರೆ ಅದ್ರ ವೇಸ್ಟ್ ಪೈಪಿನ ನೀರು ಮಾತ್ರ ಹಿಡಿದು ತಲೆಗೆ ಹಾಕಬೇಡಿ, ಉಪ್ಪೆಲ್ಲ ಗಟ್ಟಿಯಾಗಿ ಬರೋದೇ ಆ ಪೈಪಲ್ಲಿ, ನೆಲ ಒರೆಸೋಕೆ ಇಟ್ಕೊಳ್ಳಿ. ಆನ್‌ಲೈನಲ್ಲಿ ಸಿಗೋ ಶವರ್ ಫಿಲ್ಟರ್‌ಗೂ ದುಡ್ಡು ಸುರೀಬೇಡಿ, ಅವು ಹೆಚ್ಚಿನವು ಕ್ಲೋರಿನ್ ತೆಗೆಯೋಕೆ ಮಾಡಿರೋದು, ನಮ್ಮ ಬೋರಲ್ಲಿ ಕ್ಲೋರಿನ್ ಎಲ್ಲಿಂದ ಬರ್ಬೇಕು. ಗಡಸು ನಿಜವಾಗಿ ಹೋಗ್ಬೇಕು ಅಂದ್ರೆ ಉಪ್ಪು ಹಾಕಿ ತೊಳೆಯೋ ರೆಸಿನ್ ಸಾಫ್ಟ್‌ನರ್ ಬೇಕು, ಅದು ಮನೆಗೇ ಹಾಕಿಸೋ ದೊಡ್ಡ ಖರ್ಚು. ಹಂಡೆ ಒಲೆ ಇರೋರು ನೀರು ಚೆನ್ನಾಗಿ ಕುದಿಸಿ ರಾತ್ರಿಯೆಲ್ಲ ಬಿಟ್ಟು ಮೇಲಿನ ತಿಳಿ ಬಗ್ಗಿಸ್ಕೊಂಡ್ರೆ ಸುಣ್ಣದಂಶ ಒಂದಷ್ಟು ತಳಕ್ಕೆ ಕೂರುತ್ತೆ, ಪೂರ್ತಿ ಹೋಗಲ್ಲ.

ಇನ್ನೊಂದು, ಯಾವಾಗಲಾದ್ರೂ ಒಂದ್ಸಲ ಕ್ಲಾರಿಫೈಯಿಂಗ್ ಶಾಂಪೂ (ಕೂದಲ ಮೇಲೆ ಕೂತಿರೋದನ್ನೆಲ್ಲ ತೊಳೆದು ತೆಗೆಯೋದು) ಹಾಕಿ, ಬಾಟಲಿ ಹಿಂದೆ ಇಡಿಟಿಎ ಅಂತ ಇರೋದು ನೋಡಿ ತಗೊಳ್ಳಿ, ಕೂತಿರೋ ಕ್ಯಾಲ್ಸಿಯಂನ ಅದು ಹಿಡ್ಕೊಂಡು ಬಿಡಿಸುತ್ತೆ. ವಾರವಾರ ಬೇಡ, ಕೂದ್ಲು ಇನ್ನೂ ಒಣಗುತ್ತೆ.

ಟಮಕ_ಅಕ್ಕ
ನಿಮ್ಮಮ್ಮ ಹೇಳೋದೂ ಸರಿ, ನೀನು ಹೇಳೋದೂ ಸರಿ ಪುಟ್ಟಿ. ಕೂದಲಿಗೆ ಬೇಕಾಗಿರೋದು ಮುಖಕ್ಕೆ ಆಗಲ್ಲ, ಎರಡರ ಮಧ್ಯೆ ಒಂದು ಗಡಿ ಹಾಕ್ಕೊಬೇಕು, ಅದನ್ನ ಯಾರೂ ಹೇಳ್ಕೊಡಲ್ಲ. ಕೊಬ್ಬರಿ ಎಣ್ಣೆ ಕೂದಲ ಎಳೆ ಒಳಗೆ ಇಳಿಯುತ್ತೆ, ನೀರು ಕುಡಿದು ಎಳೆ ಊದಿ ಸವೆಯೋದನ್ನ ತಡೆಯುತ್ತೆ, ಹಾಗಾಗಿ ತೊಳೆಯೋಕೆ ಮುಂಚೆ ಹಚ್ಚೋದು ಹಳೇ ಕಾಲದ ಕುರುಡು ನಂಬಿಕೆ ಏನಲ್ಲ. ಆದ್ರೆ ಅದೇ ಎಣ್ಣೆ ರಾತ್ರಿ ದಿಂಬಿಗಿಳಿದು ದಿಂಬಿಂದ ಹಣೆಗೆ ಕೆನ್ನೆಗೆ ಬಂದ್ರೆ ರಂಧ್ರ ಮುಚ್ಕೊಂಡು ಅಲ್ಲೇ ಗುಳ್ಳೆ. ಹಣೇಲಿ ಕೂದಲಂಚಿಗೆ ಸಾಲಾಗಿ ಗುಳ್ಳೆ ಇರೋರು ಮೊದ್ಲು ಅನುಮಾನ ಪಡಬೇಕಾಗಿರೋದು ತಲೆಗೆ ಹಾಕೋ ವಸ್ತುನ.

ನಿನ್ನ ತರ ಎಣ್ಣೆ ಮುಖದೋರಿಗೆ ನೆತ್ತೀಲೂ ಸಾಮಾನ್ಯವಾಗಿ ಎಣ್ಣೆ ಇದ್ದೇ ಇರುತ್ತೆ, ಬುಡಕ್ಕೆ ತಿಕ್ಕೋದು ಬೇಡ. ತಲೆ ಸ್ನಾನಕ್ಕೆ ಒಂದು ಗಂಟೆ ಮುಂಚೆ ಕಿವಿಯಿಂದ ಕೆಳಗಿನ ಕೂದಲಿಗೆ ಮಾತ್ರ ಹಚ್ಚು, ಮೇಲೆ ಕಟ್ಟು, ಹಣೆಗೆ ತಾಗಿಸ್ಬೇಡ. ರಾತ್ರಿ ಹಚ್ಚಿ ಮಲಗೋದು ಬಂದ್. ಕಂಡಿಷನರೂ ಹಾಗೇ, ತುದಿಗೆ ಮಾತ್ರ. ಆಮೇಲೆ ಸ್ನಾನದ ಕ್ರಮ ಬದಲಾಯಿಸ್ಕೊ: ಮೊದ್ಲು ತಲೆ, ಕಂಡಿಷನರ್ ತೊಳೆದು ಕೂದಲನ್ನ ಮೇಲಕ್ಕೆ ಕಟ್ಟಿ ಆಮೇಲೆ ಬೆನ್ನು ಮೈ, ಎಲ್ಲಾ ಆದ್ಮೇಲೆ ಕೊನೇಲಿ ಮುಖ. ನಾವೆಲ್ಲ ಮುಖ ಮೊದ್ಲು ತೊಳ್ಕೊಂಡು ಆಮೇಲೆ ಅದ್ರ ಮೇಲೇ ಶಾಂಪೂ ಕಂಡಿಷನರ್ ಇಳಿಸ್ಕೊಂಡು ಹೊರಗೆ ಬರ್ತೀವಿ, ಬೆನ್ನಲ್ಲಿ ಮೊಡವೆ ಆಗೋರಿಗಂತೂ ಇದು ಮುಖ್ಯ.

ಹಣೆಯ ಗುಳ್ಳೆ ಎಲ್ಲ ಒಂದೇ ಅಳತೇದು, ಕಡಿತ ಇದೆ, ತಲೇಲಿ ಹೊಟ್ಟೂ ಇದೆ ಅಂದ್ರೆ ಅದು ಮೊಡವೇನೇ ಅಲ್ದೆ ಇರಬಹುದು, ಮಲಸೀಜಿಯಾ ಅನ್ನೋ ಫಂಗಸ್ ಕೆಲಸ. ಅದು ಎಣ್ಣೇನ ತಿಂದೇ ಬೆಳೆಯೋದು. ಅದಕ್ಕೆ ಮೊಡವೆ ಕ್ರೀಮ್ ಎಷ್ಟು ಹಚ್ಚಿದ್ರೂ ಕೇಳಲ್ಲ, 2% ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ ನೆತ್ತಿಗೆ ಹಾಕಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೀಬೇಕು, ಹಾಕಿದ ತಕ್ಷಣ ತೊಳೆದ್ರೆ ದುಡ್ಡು ನೀರಿಗೆ.

ಮುಖದ ಬಗ್ಗೆ ಹೇಳೋಕೆ ಮುಂಚೆ ಒಂದು ಕೇಳ್ತೀನಿ. ಮೆಡಿಕಲ್ ಸ್ಟೋರ್ ಕ್ರೀಮ್ ಅಂದ್ಯಲ್ಲ, ಕಂಪನಿ ಹೆಸ್ರು ಬೇಡ, ಟ್ಯೂಬ್ ಹಿಂದೆ ಸಣ್ಣಕ್ಷರದಲ್ಲಿ ಏನ್ ಬರೆದಿದೆ ನೋಡಿ ಹಾಕು.

ಕ್ಯಾತ್ಸಂದ್ರ_ಬೈಕರ್
ಹುಡುಗ್ರಿಗೂ ಇದೇ ಗೋಳು ಕಣ್ರೀ. ಬಿಎಚ್ ರೋಡ್ ಧೂಳು, ಹೆಲ್ಮೆಟ್ ಒಳಗೆ ಬೆವರು, ಹಣೆ ಗದ್ದ ಎರಡೂ ಕಡೆ. ಹೆಲ್ಮೆಟ್ ಒಳಗಿನ ಬಟ್ಟೆ ಬಿಚ್ಚಿ ತೊಳೀತೀನಿ, ಒಳಗೆ ಕಾಟನ್ ಕರ್ಚೀಫ್ ಕಟ್ಕೊತೀನಿ. ಕೆಂಪಗೆ ಕೀವು ತುಂಬೋ ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ 2.5% ಜೆಲ್ ನನಗೆ ಆಯ್ತು. ಅಂಗಡೀಲಿ 5% ಕೊಡ್ತಾರೆ, ಸ್ಟ್ರಾಂಗ್ ಆದ್ರೆ ಬೇಗ ವಾಸಿ ಅಂದ್ಕೊಬೇಡಿ, ಕೆಲಸ ಹೆಚ್ಚುಕಮ್ಮಿ ಅಷ್ಟೇ, ಉರಿ ಮಾತ್ರ ಜಾಸ್ತಿ. ಬಣ್ಣದ ಟವೆಲ್ಲು, ದಿಂಬಿನ ಕವರ್ ಎಲ್ಲಾ ಬ್ಲೀಚ್ ಆಗುತ್ತೆ, ಬಿಳಿ ಬಟ್ಟೆ ಇಟ್ಕೊಳ್ಳಿ, ಇಲ್ಲಾಂದ್ರೆ ಅಮ್ಮನ ಕೈಲಿ ಬೈಸ್ಕೊಬೇಕು.

ಮಾಲೂರು_ಆಂಟಿ
ಇಷ್ಟೊಂದು ಕೆಮಿಕಲ್ ಯಾಕ್ರಮ್ಮ, ಕಡ್ಲೆಹಿಟ್ಟಿಗೆ ನಿಂಬೆರಸ ಅರಿಶಿನ ಕಲಸಿ ಹಚ್ಚಿ, ನಾವು ಬೆಳೆದಿದ್ದೇ ಹಾಗೆ. ತಲೆಗೆ ದಾಸವಾಳದ ಎಲೆ.

ಟಮಕ_ಅಕ್ಕ
ಆಂಟಿ ದಾಸವಾಳಕ್ಕೆ ಪೂರ್ತಿ ಒಪ್ಪಿಗೆ. ಎಲೆ ನೀರಲ್ಲಿ ಕಿವುಚಿ ಆ ಲೋಳೆ ಸೋಸಿ ಹಾಕಿದ್ರೆ ಕೂದ್ಲು ನುಣುಪಾಗಿ ಸಿಕ್ಕು ಬಿಡುತ್ತೆ, ಸೋಸದೇ ಹಾಕಿದ್ರೆ ನಾಳೆವರೆಗೂ ಸೊಪ್ಪು ಹೆಕ್ಕಬೇಕು. ಕಡ್ಲೆಹಿಟ್ಟು ಮೆಲ್ಲಗೆ ಹಚ್ಚಿ ತೊಳೆದ್ರೆ ಪರವಾಗಿಲ್ಲ, ಮೊಡವೆ ಮೇಲೆ ತಿಕ್ಕಬಾರದು. ನಿಂಬೆರಸ ಮಾತ್ರ ಮುಖಕ್ಕೆ ಬೇಡವೇ ಬೇಡ ಆಂಟಿ, ಅದು ಹುಳಿ ಜಾಸ್ತಿ, ಹಚ್ಕೊಂಡು ಬಿಸಿಲಿಗೆ ಹೋದ್ರೆ ಸುಟ್ಟು ಕಪ್ಪು ಕಲೆ ಬೀಳುತ್ತೆ. ಅದೇ ನಿಂಬೆಹಣ್ಣು ಒಂದು ಬಕೆಟ್ ನೀರಿಗೆ ಅರ್ಧ ಹಿಂಡಿ ಕೊನೇಲಿ ಕೂದಲಿಗೆ ಹಾಕಿದ್ರೆ ಬೋರ್ ನೀರಿನ ಸುಣ್ಣಕ್ಕೆ ಒಳ್ಳೇದು. ಟೂತ್‌ಪೇಸ್ಟ್, ಅಡುಗೆ ಸೋಡ ಇಟ್ಕೊಂಡು ಬರೋರಿಗೂ ಈಗ್ಲೇ ಹೇಳ್ಬಿಡ್ತೀನಿ, ಬೇಡ.

ಶಿಡ್ಲಘಟ್ಟ_ಗುಂಗುರು
ಕೂದ್ಲು ಬಾಚಿದಷ್ಟೂ ಉಬ್ಬುತ್ತೆ ಅಂದ್ರಲ್ಲ, ನಿಮ್ದು ಒಣಕಲಲ್ಲ, ಗುಂಗುರು ಕೂದ್ಲು ಇರಬಹುದು, ಅಲೆ ಅಲೆಯಾಗಿರೋದನ್ನ ಒಣಗಿದ್ಮೇಲೆ ಬಾಚಿ ಬಾಚಿ ಬಿಡಿಸಿ ಹಾಕ್ತಿದೀರ. ಒದ್ದೆ ಇರೋವಾಗ ಕಂಡಿಷನರ್ ಇದ್ದಂಗೇ ಅಗಲ ಹಲ್ಲಿನ ಬಾಚಣಿಗೇಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ಒಣಗಿದ್ಮೇಲೆ ಬಾಚಣಿಗೆ ಮುಟ್ಟಲೇಬೇಡಿ. ಟರ್ಕಿ ಟವೆಲ್ಲಲ್ಲಿ ಗಸಗಸ ಉಜ್ಜೋ ಬದ್ಲು ಅಪ್ಪನ ಹಳೇ ಪಂಚೆ ಅಥವಾ ಕಾಟನ್ ಟೀಶರ್ಟಲ್ಲಿ ಒತ್ತಿ ನೀರು ಹೀರಿಸಿ. ಆಮೇಲೆ ಅಗಸೆ ಬೀಜ ಎರಡು ಚಮಚ ಒಂದು ದೊಡ್ಡ ಲೋಟ ನೀರಲ್ಲಿ ಲೋಳೆ ಬರೋವರೆಗೂ ಕುದಿಸಿ ಬಿಸಿ ಇರೋವಾಗಲೇ ಸೋಸಿ (ಆರಿದ್ರೆ ಸೋಸೋಕೆ ಆಗಲ್ಲ, ಜಗ್ಗಾಡ್ತಾ ಕೂರಬೇಕು), ಒದ್ದೆ ಕೂದಲಿಗೆ ಹಚ್ಚಿ ಹಿಸುಕಿ. ಒಣಗಿ ಗಟ್ಟಿಯಾಗುತ್ತೆ, ಆಮೇಲೆ ಕೈಯಲ್ಲಿ ಹಿಸುಕಿದ್ರೆ ಮೆತ್ತಗಾಗುತ್ತೆ. ಫ್ರಿಜ್ಜಲ್ಲಿ ಒಂದು ವಾರ, ಜಾಸ್ತಿ ಇಟ್ರೆ ವಾಸನೆ. ಮತ್ತೆ ಇದನ್ನೂ ಹಣೆಯಂಚಿಗೆ ತಾಗಿಸ್ಬೇಡಿ, ಅಕ್ಕ ಹೇಳಿದ ಗಡಿ ಇದಕ್ಕೂ.

ನಮ್ಮೂರಲ್ಲಿ ರೇಷ್ಮೆಗೆ ಬರ ಇಲ್ಲ, ಅಜ್ಜಿಯ ಹರಿದ ರೇಷ್ಮೆ ಸೀರೇಲಿ ದಿಂಬಿನ ಕವರ್ ಹೊಲಿಸಿದೀನಿ, ಕೂದ್ಲು ಉಜ್ಜಲ್ಲ. ಮುಖಕ್ಕೂ ಒಳ್ಳೇದು ಅಂತ ಮಾರೋರು ಹೇಳ್ತಾರೆ, ನಂಗೇನೂ ವ್ಯತ್ಯಾಸ ಕಾಣ್ಲಿಲ್ಲ, ಒಗೆದ ಕವರ್ ಆದ್ರೆ ಕಾಟನ್ನೂ ಸಾಕು.

ಶಿರಾಗೇಟ್_ಬ್ಯೂಟಿಷಿಯನ್
ತುಮಕೂರಲ್ಲಿ ಪಾರ್ಲರ್ ಕೆಲಸ ಮಾಡೋಳು, ಆದ್ರೂ ಹೇಳ್ತೀನಿ, ಈಗ ಕೆರಾಟಿನ್ ಬೇಡ. ಹೆಸ್ರು ಕೆರಾಟಿನ್ ಆದ್ರೂ ನೇರ ಮಾಡೋದು ಅದ್ರಲ್ಲಿರೋ ಫಾರ್ಮಾಲ್ಡಿಹೈಡ್ ಅಥವಾ ಗ್ಲೈಆಕ್ಸಿಲಿಕ್ ಆಸಿಡ್ ಮತ್ತು ಬಿಸಿ ಐರನ್. ಫಾರ್ಮಾಲ್ಡಿಹೈಡ್ ಹೊಗೆ ಕಣ್ಣು ಮೂಗು ಉರಿಸುತ್ತೆ, ದಿನಾ ಉಸಿರಾಡೋ ನಮಗಂತೂ ಒಳ್ಳೇದೇ ಅಲ್ಲ. ಗ್ಲೈಆಕ್ಸಿಲಿಕ್ ಆಸಿಡ್ ಇರೋದು ಮಾಡಿಸ್ಕೊಂಡ ಮೇಲೆ ಕಿಡ್ನಿಗೆ ತೊಂದ್ರೆ ಆದ ಕೇಸುಗಳು ಮೆಡಿಕಲ್ ಜರ್ನಲ್‌ಗಳಲ್ಲಿ ಬಂದಿವೆ. ಇಷ್ಟಕ್ಕೂ ಕೆಲವು ತಿಂಗಳಲ್ಲಿ ಹೋಗುತ್ತೆ. ಮೇಲಿನವರು ಹೇಳಿದ ಅಗಸೆ, ಪಂಚೆ ಮೊದ್ಲು ಮಾಡಿ ನೋಡಿ. ಸೀರಮ್ ಬೇಕಿದ್ರೆ ಎರಡು ಹನಿ, ತುದಿಗೆ, ಹಚ್ಚಿದ ಕೈ ತೊಳ್ಕೊಂಡು ಆಮೇಲೆ ಮುಖ ಮುಟ್ಟಿ.

ಚಿಂತಾಮಣಿ_ಹುಡುಗಿ
ಅಕ್ಕ ನೋಡ್ದೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್ ಅಂತ ಇದೆ. ಹಚ್ಚೋಕೆ ಶುರು ಮಾಡಿದಾಗ ಮುಖ ಫಳಫಳ ಅಂತಿತ್ತು, ಎಲ್ರೂ ಕೇಳಿದ್ರು ಏನ್ ಹಚ್ತೀಯ ಅಂತ. ಈಗ ಒಂದಿನ ಬಿಟ್ರೂ ಉರಿ, ಕೆಂಪು, ಬಿಸಿಲಿಗೆ ಹೋದ್ರೆ ಚುರುಗುಟ್ಟುತ್ತೆ, ಮತ್ತೆ ಹಚ್ಚಿದ್ರೆ ಸರಿ ಹೋಗುತ್ತೆ. ಕೆನ್ನೆ ಮೇಲೆ ಸಣ್ಣ ಕೂದ್ಲು ಬೇರೆ ಜಾಸ್ತಿ ಆದಂಗಿದೆ.

ಟಮಕ_ಅಕ್ಕ
ಅದನ್ನೇ ಅಂದ್ಕೊಂಡೆ. ಮೊಮೆಟಸೋನ್ ಅಂದ್ರೆ ಸ್ಟೀರಾಯ್ಡು. ಅದು ಕೆಂಪು ಊತ ತಕ್ಷಣ ಇಳಿಸುತ್ತೆ, ಅದಕ್ಕೇ ಮೊದ್ಲು ಮುಖ ಫಳಫಳ. ಹಚ್ತಾ ಹೋದ್ರೆ ಚರ್ಮ ತೆಳುವಾಗಿ, ರಕ್ತನಾಳ ಕಾಣ್ತಾ, ಕೂದ್ಲು ಬಂದು, ಮೊಡವೇನೂ ಅದೇ ತರಿಸುತ್ತೆ, ಬಿಟ್ರೆ ಉರಿ ಅಂತ ಮತ್ತೆ ಹಚ್ತೀವಿ, ಆ ಚಕ್ರ ನಿಲ್ಲಲ್ಲ. ನಿನ್ನ ಮೊಡವೇಲಿ ಎಷ್ಟು ನಿಂದು ಎಷ್ಟು ಆ ಟ್ಯೂಬಿಂದು ಅಂತ ಈಗ ಹೇಳೋಕಾಗಲ್ಲ. ಇಂಥ ಸ್ಟೀರಾಯ್ಡ್ ಕ್ರೀಮನ್ನ ಡಾಕ್ಟರ್ ಚೀಟಿ ಇಲ್ದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ಶೆಡ್ಯೂಲ್ ಎಚ್ ಅನ್ನೋ ಪಟ್ಟಿಗೆ ಹಾಕಿದೆ, ಆದ್ರೂ ಕೌಂಟರಲ್ಲಿ ಬೆಳ್ಳಗಾಗೋ ಕ್ರೀಮ್ ಅಂತ ಕೈಗೆ ಕೊಡ್ತಾರೆ. ಓದೋರೆಲ್ಲ ನಿಮ್ಮ ಮನೇಲಿರೋ ಟ್ಯೂಬ್ ತಿರುಗಿಸಿ ನೋಡಿ: ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್, ಫ್ಲೂಸಿನೋಲೋನ್, ಇವ್ಯಾವ್ದಿದ್ರೂ ಅದು ಮೊಡವೆ ಕ್ರೀಮಲ್ಲ.

ನೀನು ಈಗ ಬೆಂಜಾಯಿಲ್, ಸ್ಯಾಲಿಸಿಲಿಕ್ ತರದ ಮೊಡವೆ ಮದ್ದು ಯಾವುದೂ ಹೊಸದಾಗಿ ಶುರು ಮಾಡ್ಬೇಡ, ಉರೀತಿರೋ ಚರ್ಮಕ್ಕೆ ತಡೆಯಲ್ಲ. ಮೆತ್ತನೆ ಫೇಸ್‌ವಾಶ್ ದಿನಕ್ಕೆ ಎರಡು ಸಲ, ವಾಸನೆ ಇಲ್ಲದ ನಾನ್ ಕಾಮಿಡೋಜೆನಿಕ್ (ಅಂದ್ರೆ ರಂಧ್ರ ಮುಚ್ಚದೇ ಇರೋದು) ಅಂತ ಬರೆದಿರೋ ಮಾಯಿಶ್ಚರೈಸರ್, ಬಸ್ಸಿಗೆ ಹೋಗೋಕೆ ಮುಂಚೆ ಸನ್‌ಸ್ಕ್ರೀನ್, ಅಷ್ಟೆ. ಸ್ಕಿನ್ ಡಾಕ್ಟರ್ ಹತ್ರ ಬೇಗ ಹೋಗು, ಬೋರ್ಡಲ್ಲಿ ಎಂಡಿ ಡಿವಿಎಲ್ ಅಥವಾ ಡಿಡಿವಿಎಲ್ ಅಂತ ಚರ್ಮರೋಗದ ಓದು ಇದೆಯಾ ನೋಡು, ಈಗ ಯಾರ್ ಬೇಕಾದ್ರೂ ಸ್ಕಿನ್ ಕ್ಲಿನಿಕ್ ಅಂತ ಬೋರ್ಡ್ ಹಾಕ್ತಾರೆ. ಕೋಲಾರಕ್ಕೆ ಬರೋದಾದ್ರೆ ಇಲ್ಲೇ ಟಮಕದ ಜಾಲಪ್ಪ ಆಸ್ಪತ್ರೇಲಿ ಚರ್ಮರೋಗ ವಿಭಾಗ ಇದೆ. ಆ ಟ್ಯೂಬನ್ನೂ ಜೊತೇಲಿ ತಗೊಂಡೋಗು, ಒಂದೇ ಸಲ ಬಿಡೋದಾ ನಿಧಾನಕ್ಕೆ ಇಳಿಸೋದಾ ಅವ್ರು ಹೇಳ್ತಾರೆ. ಬಿಟ್ಟ ಮೇಲೆ ಕೆಲವು ವಾರ ಮುಖ ಇನ್ನೂ ಕೆಟ್ಟು ಆಮೇಲೇ ತಿಳಿಯಾಗೋದು, ಆಗ ಹೆದ್ರಿ ಮತ್ತೆ ಅದನ್ನೇ ಹಚ್ಬೇಡ.

ಗಲ್ಲದ ಹತ್ರ ದಪ್ಪ ಮೊಡವೆ ಅಂದ್ಯಲ್ಲ, ಮುಟ್ಟು ಸರಿಯಾಗಿ ಆಗ್ತಿಲ್ಲ ಅಂದ್ರೆ ಅದನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳು, ಪಿಸಿಓಎಸ್ (ಹೆಂಗಸರ ಹಾರ್ಮೋನ್ ಏರುಪೇರಿನ ತೊಂದ್ರೆ) ಇದ್ಯಾ ಅಂತ ನೋಡಿಸ್ತಾರೆ. ಚರ್ಮ ಸುಧಾರಿಸ್ಕೊಂಡ ಮೇಲೆ ಬಹುಶಃ ಅಡಾಪಲೀನ್ ತರದ ಮೊಡವೆ ಜೆಲ್ ಬರ್ಕೊಡ್ತಾರೆ, ರಾತ್ರಿ ಮುಖಕ್ಕೆಲ್ಲ ಸೇರಿ ಬಟಾಣಿ ಕಾಳಷ್ಟು, ಗುಣ ಕಾಣೋಕೆ ಎರಡು ಮೂರು ತಿಂಗಳು ಬೇಕು. ಮದುವೆ ಆಗಿದ್ದು ಮಗು ಆಲೋಚನೆ ಇದ್ರೆ ಮೊದ್ಲೇ ಹೇಳ್ಬೇಕು, ಬಸುರಿಲಿ ಅದನ್ನ ಹಚ್ಚಲ್ಲ.

ಚಿಂತಾಮಣಿ_ಹುಡುಗಿ
ಅಯ್ಯೋ ಅಕ್ಕ ನನ್ನ ತಂಗಿನೂ ಅದೇ ಟ್ಯೂಬ್ ಹಚ್ತಾವ್ಳೆ. ಇಬ್ರೂ ಸೋಮವಾರ ರಜೆ ಹಾಕಿ ಕೋಲಾರಕ್ಕೆ ಬರ್ತೀವಿ. ತಲೆಗೆ ಎಣ್ಣೆ ಕಿವಿ ಕೆಳಗೆ ಮಾತ್ರ ಅಂದ್ರೆ ಅಮ್ಮ ಒಪ್ತಿಲ್ಲ, ನೆತ್ತಿ ತಂಪಾಗಲ್ಲ ಅಂತ ಜಗಳ.

ಮಾಲೂರು_ಆಂಟಿ
ಅಮ್ಮಂಗೆ ಹೇಳು, ಭಾನುವಾರ ಅವ್ರೇ ಕೈಯಾರ ಹಚ್ಚಲಿ, ಒಂದು ಗಂಟೆ ಬಿಟ್ಟು ಅವ್ರೇ ಸೀಗೆಪುಡಿ ಹಾಕಿ ಎರೀಲಿ. ರಾತ್ರಿ ಹಚ್ಕೊಂಡು ಮಲಗದಿದ್ರೆ ಆಯ್ತಲ್ಲ.