ಸಹಾಯ ಬೇಕು: ಬೆಳಗಾವಿಯ ಹಳೇ ಪಾಮ್ ತೋಟ ನೋಡಲು ಯಾರಾದರೂ ಬರುತ್ತೀರಾ?

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಹತ್ತಿರ ನಮ್ಮ ಪರಿಚಯದ ಕಾಕಾ ಒಬ್ಬರು ತೀರಿಕೊಂಡರು. ಜೀವನವಿಡೀ ಪಾಮ್ ಗಿಡಗಳನ್ನು ಕೂಡಿಸಿದವರು. ಈಗ ಅವೆಲ್ಲ ದೊಡ್ಡ ಮರಗಳಾಗಿವೆ. ಯಾವುದು ಯಾವ ಜಾತಿ ಅನ್ನುವುದು ಕಾಕಾ ಒಬ್ಬರಿಗೇ ಗೊತ್ತಿತ್ತು. ಮರಗಳಿಗೆ ಹೆಸರು ಬರೆದಿಡಬೇಕು ಅಂತ ಕಾಕು ನಮ್ಮನ್ನು ಕರೆದಿದ್ದಾರೆ.

ಬೀಸಣಿಗೆಯಂಥ ಬೂದು-ನೀಲಿ ಎಲೆಯದು ಮಡಗಾಸ್ಕರ್ ಮೂಲದ ಬಿಸ್ಮಾರ್ಕ್ ಪಾಮ್, ಅದರಲ್ಲಿ ಅನುಮಾನವಿಲ್ಲ. ಬುಡ ಉಬ್ಬಿದರೆ ಬಾಟಲ್ ಪಾಮ್, ನಡು ಉಬ್ಬಿದರೆ ಸ್ಪಿಂಡಲ್ ಪಾಮ್. ಇಲ್ಲಿ ಎರಡೂ ಇದ್ದ ಹಾಗಿದೆ.

ನನಗೆ ಜಾಸ್ತಿ ಚಿಂತೆ ಬೈನೆ ಮರದ್ದು (ಫಿಶ್‌ಟೇಲ್ ಪಾಮ್). ಅದು ತುದಿಯಿಂದ ಕೆಳಕ್ಕೆ ಒಂದೊಂದೇ ಗೊನೆ ಬಿಡುತ್ತಾ ಬಂದಿದೆ. ಕೆಳಗಿನ ಕೊನೇ ಗೊನೆ ಹಣ್ಣಾದ ಮೇಲೆ ಮರವೇ ಒಣಗುತ್ತದೆ. ಅದರ ಪಕ್ಕದ್ದು ಶ್ರೀತಾಳೆ ಅನ್ನಿಸುತ್ತದೆ. ಅದಂತೂ 30ರಿಂದ 80 ವರ್ಷ ಬೆಳೆದು, ಒಂದೇ ಸಲ ಹೂ ಬಿಟ್ಟು ಸಾಯುವ ಮರ. ಬೈನೆ ಬೀಜವನ್ನಾದರೂ ಈಗಲೇ ಉಳಿಸಿಕೊಳ್ಳಬೇಕು ಅಲ್ವಾ? ಬರುವವರು ಕೈಗವಸು ತನ್ನಿ, ಬೈನೆ ಹಣ್ಣಿನ ರಸ ತಾಗಿದರೆ ವಿಪರೀತ ತುರಿಕೆ.

ಇನ್ನೊಂದು ಮರದ ಕಾಂಡದಲ್ಲಿ ತೂತು ಬಿದ್ದು ಕಂದು ರಸ ಸೋರುತ್ತಿದೆ. ಕೆಂಪು ಮೂತಿ ಹುಳವೇ ಇರಬೇಕು. ಅದು ಪಕ್ಕದ ಮರಗಳಿಗೆ ಹೋಗದಂತೆ ಏನು ಮಾಡಬೇಕು?

ಅರಭಾವಿ ತೋಟಗಾರಿಕೆ ಕಾಲೇಜಿನಲ್ಲೋ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲೋ ಓದಿದವರು ಇದ್ದರೆ ದಯವಿಟ್ಟು ಹೇಳಿ. ಭಾನುವಾರ ಬೆಳಿಗ್ಗೆ ಬಂದರೆ ಅನುಕೂಲ. ಸುಮ್ನೆ ಫೋಟೋ ತೆಗೆಯಲು ಬರುವವರು ಸ್ವಲ್ಪ ತಡೆಯಿರಿ, ಕಾಕು ಇನ್ನೂ ದುಃಖದಲ್ಲಿದ್ದಾರೆ. ಬರುವವರು ಇಲ್ಲೇ ಕಮೆಂಟ್ ಮಾಡಿ.